ಅಧ್ಯಕ್ಷರು ದಾಟಿಸಿದ ಹನ್ನೊಂದು ಜನ

ಪಾಂಡವಪುರದ ಬಸ್‌ಸ್ಟ್ಯಾಂಡ್ ಹಿಂದಿನ ಪ್ರೆಸ್ಸೊಂದರಲ್ಲಿ ಅಫ್ರೋಜ್‌ಗೆ ಡಿಟಿಪಿ ಕೆಲಸ. ಮದುವೆ ಕಾರ್ಡು, ತಿಥಿ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಎಲ್ಲ ಅವನ ಮೌಸಿನಡಿಯಲ್ಲೇ ಹಾದುಹೋಗಬೇಕು. ಐದು ವರ್ಷದಿಂದ ಕಂಡವರನ್ನೆಲ್ಲ ‘ಯುವಕರ ಕಣ್ಮಣಿ’ ಮಾಡುತ್ತಿದ್ದವನನ್ನು ಮನೆಯಲ್ಲಿ ಮಾತ್ರ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ತಾಯಿ ಬೀಬಿಜಾನ್ ಹೆಣ್ಣಿನ ಕಡೆಯವರಿಗೆ ಮಗ ಕಂಪ್ಯೂಟರ್ ಇಂಜಿನಿಯರ್ ಎಂದುಬಿಟ್ಟಿದ್ದಳು. ಅವನೂ ತಿದ್ದುವ ಗೋಜಿಗೆ ಹೋಗಿರಲಿಲ್ಲ.

ಇಂಥ ಹರಿಶ್ಚಂದ್ರನ ಪಾಲಿಗೆ ಸತ್ಯ ಹುಡುಕುವ ಕೆಲಸ ಬಂತು.

ತಾಲ್ಲೂಕು ಪಂಚಾಯಿತಿಯ ಮಾಜಿ ಅಧ್ಯಕ್ಷ ಸಿದ್ದರಾಜು ಅವರಿಗೆ ಅರವತ್ತು ತುಂಬುತ್ತಿತ್ತು. ಅವರ ಜೀವನಚರಿತ್ರೆ ಇದೇ ಪ್ರೆಸ್ಸಿನಲ್ಲಿ ಅಚ್ಚಿಗೆ ಸಿದ್ಧವಾಗುತ್ತಿತ್ತು. ಹೇಮಾವತಿ ಉಕ್ಕಿದ ವರ್ಷ ಅಕ್ಕಿಹೆಬ್ಬಾಳಿನಲ್ಲಿ ನೀರು ಸುತ್ತುವರಿದ ಗದ್ದೆಯಿಂದ ಅಧ್ಯಕ್ಷರು ಹನ್ನೊಂದು ಜನರನ್ನು ದಾಟಿಸಿದರು ಎಂದು ಅದರಲ್ಲಿತ್ತು. ಅದು ಆ ಊರಿನ ಮಂಗಳಮ್ಮನ ಕಿವಿಗೆ ಬಿದ್ದು, ಆಕೆ ಪ್ರೆಸ್ಸಿಗೇ ಕಾಗದ ಬರೆದಿದ್ದಳು: ‘ದಾಟಿಸಿದ್ದು ನನ್ನ ಗಂಡ, ಬಡಗಿ ಪುಟ್ಟಸ್ವಾಮಿ. ಸತ್ತವರ ಹೆಸರು ಕದಿಯಬೇಡಿ.’

“ಓಗಿ ವಿಚಾರ್ಸ್ಕೊಂಡ್ ಬಾರ್ಲಾ,” ಎಂದ ಮಾಲೀಕ ಚಿಕ್ಕಸ್ವಾಮಿ. “ನಾಳೆ ಕೇಸುಗೀಸು ಅಂತ ಬಂದ್ರೆ ನಮ್ ಬುಡಕ್ಕೇ ಬತ್ತದೆ.”

ಅಕ್ಕಿಹೆಬ್ಬಾಳಿನಲ್ಲಿ ಮೊದಲು ಸಿಕ್ಕವನು ಟೀ ಅಂಗಡಿಯ ದಿಲೀಪ್.

“ಸಿದ್ದರಾಜಣ್ಣನೇ ಕಣ್ಲಾ! ನಾನೇ ಕಣ್ಣಾರೆ ಕಂಡಿವ್ನಿ.”

“ಆವಾಗ ನೀವು ಇಲ್ಲೇ ಇದ್ರಾ, ಅಣ್ಣ?”

“ಇಲ್ಲ, ಮೈಸೂರಲ್ಲಿ ಆಟೋ ಓಡಿಸ್ತಿದ್ದೆ.”

“ಮತ್ತೆ ಕಣ್ಣಾರೆ ಅಂದ್ರಿ?”

“ಫ್ಲೆಕ್ಸಲ್ಲಿ ಕಂಡೆ ಕಣ್ಲಾ! ಅಷ್ಟು ದಪ್ಪ ಅಕ್ಸರದಲ್ಲಿ ಯಾರಾದ್ರೂ ಸುಳ್ಳು ಬರೀತಾರಾ?”

ದಿಲೀಪ್ ಮೊಬೈಲಿನಲ್ಲಿ ಫೋಟೊ ತೋರಿಸಿದ. ಎರಡು ವರ್ಷದ ಹಿಂದಿನ ಹುಟ್ಟುಹಬ್ಬದ ಫ್ಲೆಕ್ಸು. ಕೆಳಮೂಲೆಯಲ್ಲಿ ಅಫ್ರೋಜ್ ಕೆಲಸ ಮಾಡುವ ಪ್ರೆಸ್ಸಿನ ಹೆಸರು.

ಅಫ್ರೋಜ್ ಟೀ ಲೋಟ ಕೆಳಗಿಟ್ಟ. ಆ ವಾರ ಅವನು ಬಡಗಿ ಪುಟ್ಟಸ್ವಾಮಿಯ ಪುಣ್ಯತಿಥಿಯ ಫ್ಲೆಕ್ಸು ಮಾಡಿದ್ದ. ಅದರ ಬೆನ್ನಿಗೇ ಅಧ್ಯಕ್ಷರದು ಅವಸರವಾಗಿ ಬಂದಿತ್ತು. ಅದೇ ಫೈಲು ತೆರೆದು, ಸತ್ತವರ ಫೋಟೊ ತೆಗೆದು ಬದುಕಿದ್ದವರದ್ದನ್ನು ಕೂರಿಸಿ, ಹೂವಿನ ಹಾರ ಅಳಿಸಿ, ಹೆಸರು ಬದಲಾಯಿಸಿದ್ದ. ಪ್ರವಾಹದಲ್ಲಿ ಹನ್ನೊಂದು ಜನರನ್ನು ದಾಟಿಸಿದರೆಂಬ ಸಾಲು ಅಳಿಸಲು ಮರೆತಿದ್ದ. ಅಧ್ಯಕ್ಷರ ಕಣ್ಣಿಗೆ ಆ ಸಾಲು ಬೀಳದೆ ಇರಲಿಲ್ಲ. ಬಿದ್ದು ಹಿಡಿಸಿದ್ದಕ್ಕೇ ಅವರು ಸುಮ್ಮನಿದ್ದರು.

ಮಂಗಳಮ್ಮನ ಜಗಲಿಯ ಮೇಲೆ ಕೂತು ಅಫ್ರೋಜ್ ತಪ್ಪೊಪ್ಪಿಕೊಂಡ. “ನಿಮ್ಮನೆಯವ್ರ ಸಾಲು ಅವ್ರ ಫ್ಲೆಕ್ಸಲ್ಲಿ ಉಳ್ಕೊಂಡ್ಬುಡ್ತು, ಅಮ್ಮ.”

“ತಲೆ ಬದಲಾಯ್ಸಿ ಮುಂಡ ಅಂಗೇ ಬುಟ್ಬುಟ್ಟೆ ಅನ್ನು.”

ಗಂಡ ಯಾರದೋ ಮನೆಗೆಂದು ಮಾಡಿಟ್ಟಿದ್ದ ಹೊಸ ಬಾಗಿಲನ್ನು ಟ್ರಾಕ್ಟರ್ ಟ್ಯೂಬುಗಳಿಗೆ ಕಟ್ಟಿ ಹೊಳೆಗಿಳಿದದ್ದನ್ನು ಆಕೆ ಹೇಳಿದಳು. ಸಲಕ್ಕೆ ಮೂವರಂತೆ ಮೂರು ಸಲ.

“ಒಟ್ಟು ಒಂಬತ್ತು ಜನ. ಅನ್ನೊಂದು ಅಂತ ಯಾಕ್ಲಾ ಬರ್ದಿದ್ದೆ?”

“ಓದೋಕೆ ಗತ್ತಾಗಿರ್ಲಿ ಅಂತ...”

“ಒಂಬತ್ತು ಜೀವ ಸಾಲ್ದಾಗೋಯ್ತಾ ನಿಂಗೆ?”

ಆಮೇಲೆ ಆಕೆ ತನಗೆ ಬೇಕಾದದ್ದನ್ನು ಹೇಳಿದಳು.

“ಮೊಮ್ಮಗಳು ಇಸ್ಕೂಲಲ್ಲಿ ದಾಟ್ಸಿದ್ದು ನಮ್ ತಾತ ಅಂದ್ರೆ, ಸುಳ್ಳಿ ಅಂತ ಮಕ್ಳು ನಗ್ತಾವೆ. ನೀ ಮಾಡಿದ್ದ ನೀನೇ ಬರ್ದು ಸಯಿ ಆಕ್ಕೊಡು. ಅಷ್ಟು ಸಾಕು.”

ಸಹಿ ಹಾಕಿದರೆ ಕೆಲಸ ಹೋದೀತೆಂದು ಅಫ್ರೋಜ್ ಹೆದರಿದ. ಪ್ರೆಸ್ಸಿಗೆ ಹೋಗಿ ಟೈಪ್ ಮಾಡಿ ಕಳಿಸುತ್ತೇನೆಂದು ಜಾರಿಕೊಂಡ. ಬೈಕು ಹತ್ತುವಾಗ ಆಕೆಯ ಮುಖ ನೋಡಲಿಲ್ಲ.

ಪ್ರೆಸ್ಸಿನಲ್ಲಿ ಅಧ್ಯಕ್ಷರೇ ಬಂದು ಕೂತಿದ್ದರು. ಅಫ್ರೋಜ್ ಹೇಳಿದ್ದನ್ನೆಲ್ಲ ಕೇಳಿ ಚಿಕ್ಕಸ್ವಾಮಿ ಕ್ಷಣದಲ್ಲಿ ದಾರಿ ಕಂಡುಹಿಡಿದ: “‘ಪುಟ್ಟಸ್ವಾಮಿ ಎಂಬ ಸಹಾಯಕನೊಂದಿಗೆ’ ಅಂತ ಸೇರ್ಸು. ಆಯಮ್ಮಂಗೂ ಸಮಾಧಾನ.”

“ಸೇರ್ಸು ಸೇರ್ಸು, ಪಾಪ,” ಎಂದರು ಅಧ್ಯಕ್ಷರು. ಆಮೇಲೆ ದನಿ ತಗ್ಗಿಸಿದರು. “ಕೊನೇಲಿ ಇಬ್ರು ಉಳಿದಿದ್ರು ಕಣ್ಲಾ. ಒಬ್ಳು ತುಂಬಿದ ಬಸುರಿ. ‘ಅಣ್ಣಾ, ನನ್ ಬುಟ್ಟು ಓಗ್ಬೇಡ’ ಅಂದ್ಲು. ಇವತ್ಗೂ ಆ ದನಿ ಕಿವೀಲೈತೆ.”

ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಅಫ್ರೋಜ್ ಕಂಪ್ಯೂಟರಿನ ಕಡೆ ತಿರುಗಿದ. ಆ ಕೊನೆಯ ಇಬ್ಬರು ಹುಟ್ಟಿದ್ದು ಅವನ ಮೌಸಿನಿಂದ. ಈಗ ಅವರಲ್ಲೊಬ್ಬಳು ಬಸುರಿಯೂ ಆಗಿದ್ದಳು.

ಅವನು ಕೂತು ಟೈಪ್ ಮಾಡತೊಡಗಿದ. ತಮ್ಮ ಕಥೆಯೇ ಎಂದುಕೊಂಡು ಅಧ್ಯಕ್ಷರು ಹಿಂದಿನಿಂದ ಹೇಳುತ್ತಲೇ ಇದ್ದರು: ಕತ್ತಲು, ಸುಳಿ, ಬಸುರಿಯ ಅಳು. ಪರದೆಯ ಮೇಲೆ ಮೂಡುತ್ತಿದ್ದುದು ಬೇರೆ: ‘ಅಫ್ರೋಜ್ ಆದ ನಾನು ಬರೆದುಕೊಡುವುದೇನೆಂದರೆ...’ ಫ್ಲೆಕ್ಸಿನ ಫೈಲು, ಅಳಿಸದ ಸಾಲು, ಒಂಬತ್ತನ್ನು ಹನ್ನೊಂದು ಮಾಡಿದ್ದು. ಎರಡು ಪ್ರತಿ ತೆಗೆದು ಒಂದನ್ನು ಅಧ್ಯಕ್ಷರ ಕೈಗಿತ್ತ.

“ಏನ್ಲಾ ಇದು?” ಅದನ್ನು ಇಣುಕಿ ಓದಿದ ಚಿಕ್ಕಸ್ವಾಮಿ ಎದ್ದು ನಿಂತ. “ನಾಳೆಯಿಂದ ಈ ಬಾಗ್ಲು ತುಳಿಬ್ಯಾಡ!”

“ಇವತ್ತಿಂದ್ಲೇ ಬುಡಿ,” ಎಂದ ಅಫ್ರೋಜ್. ಇನ್ನೊಂದು ಪ್ರತಿಯನ್ನು ಮಡಚಿ ಬೈಕಿನ ಕೀ ಎತ್ತಿಕೊಂಡ.

ಸಂಜೆಯೊಳಗೆ ಮತ್ತೆ ಅಕ್ಕಿಹೆಬ್ಬಾಳು ತಲುಪಿದ. ಮಂಗಳಮ್ಮ ಕಾಗದವನ್ನು ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಕೊನೆಯ ಸಾಲಿನ ಕೆಳಗೆ ಬೆರಳು ನಿಂತಿತು.

“ಸಯಿ ಎಲ್ಲಪ್ಪಾ?”

ಕೆಲಸ ಬಿಟ್ಟು, ಅಷ್ಟು ದೂರ ಬೈಕು ಓಡಿಸಿ ಬಂದ ವೀರ ಸಹಿ ಹಾಕುವುದನ್ನೇ ಮರೆತಿದ್ದ. ಜೇಬು ತಡಕಿದ, ಪೆನ್ನೂ ಇರಲಿಲ್ಲ. ಮಂಗಳಮ್ಮ ಒಳಗಿನಿಂದ ಗಂಡನ ಬಡಗಿ ಪೆನ್ಸಿಲು ತಂದುಕೊಟ್ಟಳು. ಅದು ಅಳಿಸಿಹೋದೀತೆಂದು ಪಕ್ಕದ ಮನೆಗೆ ಕೂಗಿ ಪೆನ್ನನ್ನೂ ತರಿಸಿದಳು.