ಉಗುರಿನಲ್ಲಿ ಒತ್ತಿ ನೋಡುವವರು

ಅವರ ಬಲಗೈ ಹೆಬ್ಬೆರಳಿನ ಉಗುರಿಗೆ ಹಸಿರು ಹಿಡಿದಿತ್ತು, ಎಷ್ಟು ತೊಳೆದರೂ ಹೋಗದ ಹಸಿರು. ಯಾರು ರೋಗ ಬಿದ್ದ ಎಲೆ ತಂದು ತೋರಿಸಿದರೂ ಅವರು ಮೊದಲು ಮಾತಾಡುತ್ತಿರಲಿಲ್ಲ. ಎಲೆಯನ್ನು ಮಗುಚಿ, ಕಂದು ಬೊಟ್ಟಿನ ಮೇಲೆ ಆ ಉಗುರು ಊರಿ ಒತ್ತುತ್ತಿದ್ದರು. "ರಸ ಬಂದ್ರೆ ಉಳ, ಬರ್ನಿಲ್ಲ ಅಂದ್ರೆ ಬರೀ ಮಚ್ಚೆ. ಒತ್ತಿ ನೋಡ್ದೆ ಔಷ್ದಿ ಆಕ್ಬ್ಯಾಡಿ" ಎನ್ನುವುದು ಹಾಸನದ ಅರಕಲಗೂಡು ರಸ್ತೆಯ ಆ ನರ್ಸರಿ ಯಜಮಾನರ ಮಾತು.

ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ನಮ್ಮವರು ಬಸ್ ಕಂಡಕ್ಟರ್ ಆಗಿದ್ದರು. ಹಿರೀಸಾವೆಯಲ್ಲಿ ಕೊಂಡ ಕಸಿ ಕಿತ್ತಳೆ ಗಿಡವನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡು ತಂದು, ಮನೆ ಮುಂದೆ ಕುಂಡದಲ್ಲಿ ನೆಟ್ಟಿದ್ದರು. ಅವರು ತೀರಿಹೋದ ಮೇಲೆ ನಾನು ದಿನಾ ಬೆಳಗ್ಗೆ ಮಾತಾಡುತ್ತಿದ್ದದ್ದು ಅದರ ಹತ್ತಿರವೇ. ಹೋದ ವರ್ಷ ಅದಕ್ಕೆ ಏನೋ ಬಡಿಯಿತು. ಎಲೆ ಮುದುಡಿತು, ಕೊಂಬೆಗೆ ಬಿಳಿ ಹತ್ತಿಯಂಥದ್ದು ಮೆತ್ತಿಕೊಂಡಿತು. ಮನೆಗೆ ಬಂದವರೆಲ್ಲ ಡಾಕ್ಟರಾದರು. ಒಬ್ಬರು ಸೋಪಿನ ನೀರು ಎಂದರು, ಇನ್ನೊಬ್ಬರು ಬೂದಿ ಎಂದರು, ಹರದನಹಳ್ಳಿಯ ಅತ್ತಿಗೆ ದೃಷ್ಟಿ ತೆಗೆದು ಹೋದರು. ಎಲ್ಲವನ್ನೂ ಮಾಡಿದೆ. ಗಿಡ ಒಣಗುತ್ತಲೇ ಹೋಯಿತು. ನನಗೆ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಬುಡದಿಂದ ಒಂದು ಚಿಗುರು ಎದ್ದಿತು. ದಪ್ಪ, ಮೈತುಂಬ ಮುಳ್ಳು, ಕಡುಹಸಿರು. ವಾರಕ್ಕೆ ಗೇಣುದ್ದ ಏರುತ್ತಿತ್ತು. ನಮ್ಮವರೇ ತಿರುಗಿ ಬಂದರೇನೋ ಅನಿಸಿತು. ಅದಕ್ಕೂ ರೋಗ ಅಂಟಬಾರದೆಂದು ಒಂದು ಬೆಳಗ್ಗೆ ಮೇಲಿನ ಒಣಕಲು ಕೊಂಬೆಗಳನ್ನೆಲ್ಲ ಚಿಗುರಿನ ಮಟ್ಟಕ್ಕೆ ಕತ್ತರಿಸಿಬಿಟ್ಟೆ. ಹುಳ ಯಾವುದೆಂದು ಕೇಳೋಣವೆಂದು ಅವನ್ನು ಕವರಿಗೆ ತುಂಬಿಕೊಂಡು ಯಜಮಾನರ ಹತ್ತಿರ ಹೋದೆ. ಮೊಬೈಲಿನಲ್ಲಿ ಚಿಗುರಿನ ಫೋಟೋವನ್ನೂ ತೋರಿಸಿದೆ, ಜಂಬದಿಂದಲೇ.

ಅವರು ಫೋಟೋ ನೋಡಿದರು, ನನ್ನ ಮುಖ ನೋಡಿದರು.

"ಇದು ಕಿತ್ಲೆ ಅಲ್ಲ ಕಣವ್ವ. ಕಸಿ ಕಟ್ಟಿರೋ ಗಂಟಿನ ಕೆಳ್ಗಿಂದ ಬಂದೈತೆ. ಬೇರಿಗೆ ಅಂತ ಯಾವ್ದೋ ಗಟ್ಟಿ ನಿಂಬೆ ಇಟ್ಟಿರ್ತಾರೆ, ಅದ್ರ ಚಿಗುರು ಇದು. ನಿನ್ ಗಿಡದ ಊಟನೆಲ್ಲ ಇದೇ ತಿಂದೈತೆ."

"ಅಂಗಾದ್ರೆ ನಮ್ ಗಿಡ ಎಲ್ಲಿ ಸಾ?"

ಅವರು ಕವರಿನ ಕಡೆ ಕೈ ತೋರಿಸಿದರು.

ನಾನು ಅಲ್ಲೇ ಗೊಬ್ಬರದ ಚೀಲದ ಮೇಲೆ ಕೂತೆ. ನಮ್ಮವರದೆಂದು ಉಳಿದಿದ್ದ ಒಂದನ್ನೂ ಕೈಯಾರೆ ಕೊಂದಿದ್ದೆ. ಅವರು ಕವರು ಸುರಿದು, ಕಡ್ಡಿಗಳನ್ನು ಒಂದೊಂದಾಗಿ ಉಗುರಿನಲ್ಲಿ ಕೆರೆದರು. ಒಣ, ಒಣ, ಎಲ್ಲವೂ ಒಣ. ಕೊನೆಯ ಕಡ್ಡಿಯ ಸಿಪ್ಪೆಯಡಿ ಒಂದಿಷ್ಟು ಹಸಿರು ಕಂಡಿತು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, "ಏಳವ್ವ, ಬಿಸ್ಲೇರಕ್ ಮುಂಚೆ ಓಗಾನ" ಎಂದು ನನಗಿಂತ ಮೊದಲು ಆಟೋ ಹತ್ತಿದರು.

ಆ ಮುಳ್ಳುಚಿಗುರನ್ನು ಅವರು ಕಡಿಯಲಿಲ್ಲ. ಅದರ ತೊಗಟೆ ಸೀಳಿ, ಕಡ್ಡಿಯಲ್ಲಿ ಚಿಗುರೊಡೆಯುವಂತಿದ್ದ ಎರಡೇ ಎರಡು ಕಣ್ಣುಗಳನ್ನು ಬಿಡಿಸಿ ಒಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದರು. ನಡುವೆ ಎರಡು ಸಲ ಮೆಟ್ಟಿಲ ಮೇಲೆ ಕೂತು ಉಸಿರು ಎಳೆದುಕೊಂಡರು.

"ಮೂರ್ ವಾರ ಮುಟ್ಬ್ಯಾಡ. ನಾನೇ ಬಂದ್ ಬಿಚ್ತೀನಿ. ಬರಕ್ ಆಗ್ನಿಲ್ಲ ಅಂದ್ರೆ ನೀನೇ ಬಿಚ್ಚು. ಕಣ್ಣು ಅಸ್ರಾಗಿದ್ರೆ ಅದ್ರ ಮ್ಯಾಲಿನ ಮುಳ್ಚಿಗುರ್ನ ಕತ್ರಿಸಾಕು" ಎಂದರು.

ಅವರು ಬರಲಿಲ್ಲ. ಇಪ್ಪತ್ತೆರಡನೆಯ ದಿನ ನಾನೇ ಬಿಚ್ಚಿದೆ. ಒಂದು ಕಣ್ಣು ಕಪ್ಪಾಗಿತ್ತು. ಇನ್ನೊಂದು ಹಸಿರಾಗಿತ್ತು. ಹೇಳಲು ಓಡಿದೆ. ನರ್ಸರಿಯ ಗೇಟಿಗೆ ಬೀಗ ಬಿದ್ದಿತ್ತು. ಪಕ್ಕದ ಪಂಕ್ಚರ್ ಅಂಗಡಿಯವರು, "ಅವ್ರು ತೀರೋಗಿ ಒಂಬತ್ ದಿನ ಆಯ್ತಲ್ಲವ್ವ" ಎಂದರು. ಅಷ್ಟು ದಿನವೂ ನಾನು ಗಿಡದ ಮುಂದೆ ಕೂತಿದ್ದೆ, ಅವರು ಹೇಗಿದ್ದಾರೆಂದು ಒಮ್ಮೆಯೂ ಕೇಳಿರಲಿಲ್ಲ. ಅದು ಈಗಲೂ ನನ್ನನ್ನು ಸುಡುತ್ತದೆ.

ಆ ಕಣ್ಣು ಈಗ ಮೊಳದುದ್ದದ ಕೊಂಬೆ. ಮೊನ್ನೆ ಅದರ ಎಲೆಯ ಹಿಂದೆ ಒಂದು ಕಂದು ಬೊಟ್ಟು ಕಂಡಿತು. ಇನ್ನು ಯಾರನ್ನು ಕೇಳಲಿ? ಹೆಬ್ಬೆರಳಿನ ಉಗುರು ಊರಿ ಒತ್ತಿದೆ. ರಸ ಬಂತು.

"ಉಳ ಕಣವ್ವ" ಎಂದು ನನಗೆ ನಾನೇ ಹೇಳಿಕೊಂಡೆ, ಅವರ ಮಾತಿನಲ್ಲೇ. ಕೈ ತೊಳೆಯಲು ಮನಸ್ಸಾಗಲಿಲ್ಲ.