ಹಬ್‌ನೊಳಗಿನ ಸೂರ್ಯ

ಪೆಡಲ್ ತಿರುಗುತ್ತದೆ, ಸೈಕಲ್ ಮಾತ್ರ ಮುಂದೆ ಹೋಗುವುದಿಲ್ಲ. ನೋಡಿದ್ದೀರಾ? ಮೊನ್ನೆ ಡಿಸೆಂಬರಿನ ಚಳಿಯ ಬೆಳಗ್ಗೆ, ನಮ್ಮ ನೆರೂಳದ ಸೇತುವೆಯ ಏರಿನಲ್ಲಿ ನನ್ನ ಅಪ್ಪ ತುಳಿಯುತ್ತ ತುಳಿಯುತ್ತಲೇ ಪಕ್ಕಕ್ಕೆ ವಾಲಿದರು. ಹಾಲಿನವನು ಹಿಡಿದುಕೊಂಡದ್ದರಿಂದ ಬಚಾವ್.

"ಮೊಣಕಾಲು ಸೋತಿದೆ. ಇನ್ನು ಸೈಕಲ್ ಸಾಕಪ್ಪಾ" ಎಂದೆ. ದಿನಾ ಖಾಡಿಯ ಹಿನ್ನೀರಿನವರೆಗೆ ಹೋಗಿ ಫ್ಲೆಮಿಂಗೋಗಳನ್ನು ನೋಡಿ ಬರುವುದೇ ಅಪ್ಪನ ಇಡೀ ಸುಖ. ಅವರು ನಾಲ್ಕು ದಿನ ಬಾಲ್ಕನಿಯಲ್ಲಿ ಕುಳಿತು ರಸ್ತೆ ನೋಡಿದರು. (ನಾನು ಹಳೇ ಕಬ್ಬಿಣ ಕೊಳ್ಳುವ ಭಂಗಾರ್‌ನವನಿಗೆ ಫೋನ್ ಕೂಡ ಮಾಡಿದ್ದೆ!)

ಅದು ಸಾದಾ ಸೈಕಲ್ ಅಲ್ಲ. ಅಪ್ಪ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದಾಗ ಮ್ಯಾನೇಜರೊಬ್ಬರು ಕೊಟ್ಟುಹೋದ ಇಂಗ್ಲಿಷ್ ಸೈಕಲ್. ಮೂರು ಗೇರು, ಒಂದೂ ಕಾಣುವುದಿಲ್ಲ. "ಅಜ್ಜಾ, ಗೇರ್ ಕಿಧರ್ ಹೈ?" ಅಂತ ನನ್ನ ಮಗ ಕೇಳುತ್ತಲೇ ಇರುತ್ತಾನೆ.

ಭಾನುವಾರ ಅಪ್ಪ ಹಾಲ್‌ನಲ್ಲಿ ಪೇಪರ್ ಹಾಸಿ, ಹಿಂದಿನ ಚಕ್ರದ ನಡುವಿನ ಹಬ್ ಬಿಚ್ಚಿದರು. ಒಳಗೆ ಒಂದು ಹಲ್ಲಿನ ಚಕ್ರ, ಸುತ್ತ ನಾಲ್ಕು ಪುಟ್ಟವು. ನಡುವಿನದಕ್ಕೆ ಸೂರ್ಯ, ಸುತ್ತ ಓಡುವವಕ್ಕೆ ಗ್ರಹ ಅಂತಲೇ ಹೆಸರಂತೆ! ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯಾರೋ, ಮಳೆ ಕೆಸರು ತಾಗದಿರಲೆಂದು, ಇಡೀ ಸೌರಮಂಡಲವನ್ನು ಒಂದು ಡಬ್ಬಿಯೊಳಗೆ ಬಚ್ಚಿಟ್ಟರು. ಆಮೇಲೆ ಚೈನ್ ಹಾರಿಸುವ ಗೇರುಗಳು ಬಂದವು, ಜನ ಅವುಗಳ ಹಿಂದೆ ಹೋದರು. ಈಗ ಯುರೋಪಿನ ಊರುಗಳಲ್ಲಿ ಈ ಗುಪ್ತ ಗೇರುಗಳೇ ಮತ್ತೆ ಓಡುತ್ತಿವೆಯಂತೆ.

ಬೆರಳಲ್ಲಿ ಒಂದು ಗ್ರಹವನ್ನು ತಿರುಗಿಸಿದೆ. ಯಾವ ಮಂಜಿನ ಬೀದಿಯಲ್ಲಿ, ಯಾವ ಪೋಸ್ಟ್‌ಮ್ಯಾನ್, ಯಾವ ಟೀಚರಮ್ಮ ಇಂಥದೇ ಹಬ್‌ನ ಟಿಕ್ ಟಿಕ್ ಕೇಳುತ್ತ ಏರು ಹತ್ತಿರಬಹುದು? ಕನಸು ಕಾಣುತ್ತ ಕುಳಿತುಬಿಟ್ಟೆ.

"ಇದೆಂತದು ಬೆಳ್ಳಗೆ?"

ಅಪ್ಪನ ಬೆರಳ ತುದಿಯಲ್ಲಿ ಬೆಣ್ಣೆಯಂಥದ್ದು. ಮೂಸಿ ನನ್ನತ್ತ ನೋಡಿದರು. ಆಯುಧಪೂಜೆಯ ಉತ್ಸಾಹದಲ್ಲಿ ಹಬ್‌ನ ಎಣ್ಣೆಯ ತೂತಿಗೆ ತೆಂಗಿನೆಣ್ಣೆ ಸುರಿದವಳು ನಾನೇ. (ನಮ್ಮ ಉಡುಪಿ ಕಡೆಯವರಿಗೆ ತಲೆಗೂ ಅದೇ, ಪಲ್ಯಕ್ಕೂ ಅದೇ, ಕಿರ್ರೆನ್ನುವ ಬಾಗಿಲಿಗೂ ಅದೇ.) ಅಕ್ಟೋಬರಿನ ಸೆಕೆಗೆ ನೀರಾಗಿದ್ದದ್ದು ಡಿಸೆಂಬರಿಗೆ ಗಟ್ಟಿಯಾಗಿ, ಚಕ್ರವನ್ನು ಹಿಡಿಯುವ ಕೊಕ್ಕೆಗಳನ್ನೇ ಒಳಕ್ಕೆ ಅಂಟಿಸಿಬಿಟ್ಟಿತ್ತು; ಅದಕ್ಕೇ ಪೆಡಲ್ ಸುಮ್ಮನೆ ತಿರುಗುತ್ತಿತ್ತು.

"ಎಂತ ಮಾರಾಯ್ತಿ, ಇದು ಒಗ್ಗರಣೆ ಹಾಕುವ ಸಾಮಾನಾ?" ಎಂದು ಅಪ್ಪ ನಕ್ಕರು. ಸೀಮೆಎಣ್ಣೆಯಲ್ಲಿ ತೊಳೆದು, ಮಷಿನ್ ಆಯಿಲ್ ಬಿಟ್ಟು ಜೋಡಿಸಿದರು. ಮರುದಿನ ಅದೇ ಏರನ್ನು ಒಂದು ಸಲವೂ ಇಳಿಯದೆ ಹತ್ತಿದರು. ಕೆಳಗೆ ನಿಂತಿದ್ದ ನನಗೆ ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು.

ಕೈಕೊಟ್ಟದ್ದು ನನ್ನ ಎಣ್ಣೆ. ನಾನು ರಿಟೈರ್ ಮಾಡಿದ್ದು ಮಾತ್ರ ಅಪ್ಪನ ಕಾಲನ್ನು!