ಧರ್ಮಪ್ಪನ ಸೋಬಾನೆ ಕ್ಯಾಸೆಟ್ಟು

ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾರ ಮನೆಯ ಮದುವೆಯಾದರೂ ಮೈಕ್‌ಸೆಟ್ಟು ಧರ್ಮಪ್ಪನದೇ. ವರನಿಲ್ಲದೆ ಮದುವೆ ನಡೆದೀತು, ಅವನ ಸೋಬಾನೆ ಕ್ಯಾಸೆಟ್ಟಿಲ್ಲದೆ ನಡೆಯದು. ಊರ ಹೆಂಗಸರೇ ಹಾಡಿದ ಅದನ್ನು ಕೂಸಿನಂತೆ ಟವೆಲಿನಲ್ಲಿ ಸುತ್ತಿ ತರುತ್ತಾನೆ. ಪೆನ್‌ಡ್ರೈವ್ ಹಿಡಿದು ಬಂದವರ ಮೇಲೆ ಉರಿದುಬೀಳುತ್ತಾನೆ. ಹೆಣ್ಣೊಪ್ಪಿಸುವ ಹಾಡಿನಲ್ಲಿ ಹಿಂದಿನ ಸಾಲಿನ ಒಂದು ಮುದಿ ದನಿ, ಮುಖ್ಯ ಗಾಯಕಿಗಿಂತ ಮೊದಲೇ ಹಾಡು ಎತ್ತಿಬಿಡುತ್ತದೆ. ಮೊನ್ನೆ ಒಂದು ಮದುವೆಯಲ್ಲಿ ಆ ಹಾಡು ಶುರುವಾದಾಗ ನಾನು, "ಆ ತಪ್ಪೊಂದು ತೆಗೆಸಿಕೊಡ್ಲಾ ಧರ್ಮಣ್ಣ?" ಎಂದು ಕೇಳಿದೆ. ರೇಗಲಿಲ್ಲ. "ಅದು ನಮ್ಮವ್ವ ಮಾರಾಯ್ರೆ. ಊರಲ್ಲಿ ಯಾವ ಮದ್ವೆಗಾದ್ರೂ ಹಾಡು ಎತ್ತಿಕೊಡ್ತಿದ್ದಿದ್ದು ಅವಳೇ. ಎಳೇ ದನಿ ಬೇಕು ಅಂತ ರೆಕಾರ್ಡಿಂಗಲ್ಲಿ ಹಿಂದೆ ನಿಲ್ಸಿದ್ರು. ಬಾಯಿ ಸುಮ್ನಿರ್ಬೇಕಲ್ಲ!" ಎಂದವನು, ಆ ಸಾಲು ಹತ್ತಿರ ಬರುತ್ತಲೇ ವಾಲ್ಯೂಮನ್ನು ಪೂರ್ತಿ ಏರಿಸಿದ.